ಹಿಮ ನೋಡದವನು ಮಾಡಿದ ಸ್ನೋಮೊಬೈಲ್ ರಿಪೇರಿ

ಮೊದಲೇ ಹೇಳಿಬಿಡ್ತೀನಿ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟು ಉದ್ದ ಬರೆಯುತ್ತಿರೋದು ಹತ್ತನೇ ಕ್ಲಾಸಿನ ಪ್ರಬಂಧದ ನಂತರ ಇದೇ ಮೊದಲು. ಕನ್ನಡ ಸಂಘದ ಸೀನಿಯರ್ ಒಬ್ಬರು "ನಿನ್ನ ಸ್ನೋಮೊಬೈಲ್ ಕಥೆ ಬರೆದುಕೊಡು" ಅಂತ ಎರಡು ತಿಂಗಳಿಂದ ಹಿಂದೆ ಬಿದ್ದಿದ್ದರು. ಹಾಸ್ಟೆಲ್‌ನಲ್ಲಿ ಈ ಕಥೆಯನ್ನು ನಾನು ಹತ್ತಾರು ಸಲ ಹೇಳಿದ್ದೇನೆ. ಆದರೆ ಪೂರ್ತಿ ಹೇಳಿಲ್ಲ. ಅರ್ಧ ಮಾತ್ರ ಹೇಳಿ ಶೋ ಕೊಟ್ಟಿದ್ದೇನೆ. ಇಲ್ಲಿ ಇನ್ನರ್ಧವನ್ನೂ ಬರೆಯುತ್ತೇನೆ.

ಕಥೆಯ ಮೊದಲರ್ಧ ಇಷ್ಟೇ: ನಾನು ಜೀವನದಲ್ಲಿ ಒಂದು ಸಲವೂ ಹಿಮ ನೋಡಿಲ್ಲ. ಆದರೆ ಒಂದು ಸ್ನೋಮೊಬೈಲ್‌ನ ಎಂಜಿನ್ ವಾಲ್ವ್ ಬಿಚ್ಚಿ, ತೊಳೆದು, ಮತ್ತೆ ಕೂರಿಸಿದ್ದೇನೆ.

ಸೆಕೆಂಡ್ ಪಿಯುಸಿ, ಸಿಇಟಿ ಎಲ್ಲ ಮುಗಿದು ಕಾಲೇಜು ಶುರುವಾಗೋಕೆ ಮುಂಚೆ ಸಿಗುತ್ತಲ್ಲ, ಆ ರಜೆಯಲ್ಲಿ ಮಾವ ನನ್ನನ್ನು ಅಮೆರಿಕಕ್ಕೆ ಕರೆಸಿಕೊಂಡಿದ್ದರು. ಮಾವ ಅಂದರೆ ಅಮ್ಮನ ಅಣ್ಣ. ಎಂಎಸ್ ಮಾಡೋಕೆ ಅಂತ ಹೋದವರು ಅಲ್ಲೇ ಕೆಲಸ ಸಿಕ್ಕಿ ಉಳಿದುಬಿಟ್ಟರು. ಅಮೆರಿಕ ಅಂದ ತಕ್ಷಣ ನನ್ನ ತಲೆಯಲ್ಲಿ ಬಂದಿದ್ದು ನ್ಯೂಯಾರ್ಕು, ಎತ್ತರದ ಬಿಲ್ಡಿಂಗು. ಮಾವ ಇರೋದು ಮಿಶಿಗನ್ ರಾಜ್ಯದ ತುತ್ತತುದಿಯ ಹೌಟನ್ ಅನ್ನೋ ಊರಲ್ಲಿ. ನಮ್ಮ ತಿಪಟೂರಿಗಿಂತ ಸಣ್ಣ ಊರು. ಸುತ್ತ ಕಾಡು, ಮೇಲೆ ಸುಪೀರಿಯರ್ ಸರೋವರ. ಒಂದು ಕಾಲದಲ್ಲಿ ತಾಮ್ರದ ಗಣಿಗಳಿದ್ದ ಪ್ರದೇಶ. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸದವರು ಇಲ್ಲಿಗೆ ಬಂದಿದ್ದರಂತೆ. ಅದೇ ಕಾರ್ನ್‌ವಾಲ್‌ನ ಜನ ನಮ್ಮ ಕೆಜಿಎಫ್‌ಗೂ ಬಂದಿದ್ದರು. ಮಾವ ಇದನ್ನು ದಿನಕ್ಕೊಂದು ಸಲ ಹೇಳುತ್ತಿದ್ದರು.

ನಾವು ಆಗುಂಬೆಯ ಮಳೆ ಲೆಕ್ಕ ಹೇಳೋ ಹಾಗೆ ಅಲ್ಲಿಯವರು ಹಿಮದ ಲೆಕ್ಕ ಹೇಳುತ್ತಾರೆ. ಹೈವೇ ಪಕ್ಕದಲ್ಲಿ ಒಂದು ಎತ್ತರದ ಬೋರ್ಡ್ ಇದೆ, ದೊಡ್ಡ ಥರ್ಮಾಮೀಟರ್ ಥರ. 1978–79ರ ಚಳಿಗಾಲದಲ್ಲಿ ಅಲ್ಲಿ ಬಿದ್ದ ಹಿಮ 390.4 ಇಂಚು, ಅಂದರೆ ಸುಮಾರು 32 ಅಡಿ. ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡೆ. ನಾನು ಹೋಗಿದ್ದು ಜೂನ್‌ನಲ್ಲಿ. ಹಿಮ ಒಂದು ಚಮಚದಷ್ಟೂ ಇರಲಿಲ್ಲ. ಬರೀ ಸೊಳ್ಳೆ. ರಾತ್ರಿ ಒಂಬತ್ತೂಮುಕ್ಕಾಲಾದರೂ ಸೂರ್ಯ ಮುಳುಗುತ್ತಿರಲಿಲ್ಲ.

ಮಾವನ ಗ್ಯಾರೇಜಿನಲ್ಲಿ ನೀಲಿ ಟಾರ್ಪಾಲು ಹೊದ್ದುಕೊಂಡು ಒಂದು ಗಾಡಿ ನಿಂತಿತ್ತು. ಮುಂದೆ ಎರಡು ಸ್ಕೀ, ಹಿಂದೆ ಯುದ್ಧದ ಟ್ಯಾಂಕ್‌ಗೆ ಇರುತ್ತಲ್ಲ ಅಂಥ ಪಟ್ಟಾ, ಆದರೆ ರಬ್ಬರ್‌ದು. ತೊಂಬತ್ತರ ದಶಕದ ಕೊನೆಯ ಮಾಡೆಲ್, ಸೆಕೆಂಡ್ ಹ್ಯಾಂಡ್. ಎರಡು ಸಿಲಿಂಡರ್‌ನ ರೋಟ್ಯಾಕ್ಸ್ ಟು ಸ್ಟ್ರೋಕ್ ಎಂಜಿನ್. ಟಾರ್ಪಾಲು ತೆಗೆದ ಕೂಡಲೇ ಒಂದು ವಾಸನೆ ಬಂತು. ಸುಟ್ಟ ಟುಟಿ ಆಯಿಲ್ ವಾಸನೆ. ಹದಿಮೂರು ಸಾವಿರ ಕಿಲೋಮೀಟರ್ ದೂರ ಹೋದರೂ ಆ ವಾಸನೆ ನನಗೆ ಮನೆಯದ್ದೇ ಅನ್ನಿಸಿತು. ಯಾಕೆ ಅಂದರೆ ನಮ್ಮ ಅಪ್ಪನ ಹತ್ತಿರ ಆರ್‌ಎಕ್ಸ್ 100 ಇದೆ. ಅದು ಮೊದಲು ಮಾವನದ್ದೇ. ಅಮೆರಿಕಕ್ಕೆ ಹೋಗುವಾಗ "ಭಾವ, ಮಾರಬೇಡಿ, ಓಡಿಸ್ತಾ ಇರಿ" ಅಂತ ಅಪ್ಪನ ಕೈಗೆ ಕೀ ಕೊಟ್ಟು ಹೋಗಿದ್ದರಂತೆ. ಅಪ್ಪ ಮಾರಿಲ್ಲ. ಈಗಲೂ ಭಾನುವಾರ ಒಂದು ರೌಂಡು ಹೊಡೆಯುತ್ತಾರೆ. ಸೈಲೆನ್ಸರ್ ಕಟ್ಟಿಕೊಂಡಾಗ ಮೆಕ್ಯಾನಿಕ್ ಒಳಗಿನ ಪೈಪ್ ತೆಗೆದು ಬೆಂಕಿಯಲ್ಲಿ ಸುಡುತ್ತಿದ್ದ. ಕಪ್ಪು ಕಾರ್ಬನ್ ಪುಡಿಪುಡಿಯಾಗಿ ಉದುರುತ್ತಿತ್ತು. ಚಿಕ್ಕವನಿದ್ದಾಗ ಅದನ್ನು ನೋಡೋಕೆ ಅಂತಲೇ ಅಪ್ಪನ ಜೊತೆ ಹೋಗುತ್ತಿದ್ದೆ.

"ಮಾರ್ಚ್‌ನಿಂದ ಗಾಡಿ ಎಳೀತಾ ಇಲ್ಲ ಕಣೋ" ಅಂದರು ಮಾವ. "ಎಂಟು ಸಾವಿರ ಆರ್‌ಪಿಎಂ ಹತ್ತಿರ ಹೋಗಬೇಕು. ಆರೂವರೆ ದಾಟ್ತಿಲ್ಲ. ಪವರ್ ವಾಲ್ವ್ ಇರಬೇಕು. ನೀನೂ ಎಂಜಿನಿಯರ್ ಆಗೋನಲ್ವಾ, ಬಾ, ಬಿಚ್ಚೋಣ."

ಪವರ್ ವಾಲ್ವ್ ಅಂದರೆ ಏನು ಅಂತ ಮೆಕ್ಯಾನಿಕಲ್ ಅಲ್ಲದವರಿಗೋಸ್ಕರ ಹೇಳಿಬಿಡ್ತೀನಿ. ಕಂಪ್ಯೂಟರ್ ಸೈನ್ಸ್‌ನವರು ಈ ಪ್ಯಾರಾ ಸ್ಕಿಪ್ ಮಾಡಬೇಡಿ, ಮುಂದೆ ಬೇಕಾಗುತ್ತೆ.

ನಾವು ಈಗ ಓಡಿಸೋ ಬೈಕುಗಳು ಫೋರ್ ಸ್ಟ್ರೋಕ್. ಅದರಲ್ಲಿ ವಾಲ್ವ್‌ಗಳನ್ನು ತೆರೆದು ಮುಚ್ಚೋಕೆ ಕ್ಯಾಮ್ ಇರುತ್ತೆ. ಟು ಸ್ಟ್ರೋಕ್‌ನಲ್ಲಿ ಆ ತಲೆನೋವಿಲ್ಲ. ಸಿಲಿಂಡರ್ ಗೋಡೆಯಲ್ಲೇ ಕಿಟಕಿಗಳಿರುತ್ತವೆ, ಪೋರ್ಟ್ ಅಂತಾರೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತಾ ಆ ಕಿಟಕಿಗಳನ್ನು ತಾನೇ ತೆರೆಯುತ್ತೆ, ತಾನೇ ಮುಚ್ಚುತ್ತೆ. ಹೊಗೆ ಹೊರಗೆ ಹೋಗೋ ಕಿಟಕಿಯ ಮೇಲಂಚು ಎಷ್ಟು ಎತ್ತರದಲ್ಲಿದೆ ಅನ್ನೋದರ ಮೇಲೆ ಎಂಜಿನ್‌ನ ಸ್ವಭಾವ ನಿಂತಿರುತ್ತೆ. ಎತ್ತರ ಇದ್ದರೆ ಕಿಟಕಿ ಬೇಗ ತೆರೆಯುತ್ತೆ. ಜೋರು ಸ್ಪೀಡಿನಲ್ಲಿ ಅದು ಬೇಕು, ಯಾಕೆಂದರೆ ಹೊಗೆ ಹೋಗೋಕೆ ಟೈಮೇ ಇರಲ್ಲ. ಆದರೆ ನಿಧಾನ ಸ್ಪೀಡಿನಲ್ಲಿ ಅದೇ ಎತ್ತರ ನಷ್ಟ. ಉರಿದ ಗ್ಯಾಸ್ ಪಿಸ್ಟನ್ ಅನ್ನು ಪೂರ್ತಿ ತಳ್ಳೋ ಮೊದಲೇ ಹೊರಟುಹೋಗುತ್ತೆ, ಹೊಸ ಪೆಟ್ರೋಲೂ ಜೊತೆಗೆ ಓಡಿಹೋಗುತ್ತೆ. ಕಿಟಕಿ ತಗ್ಗಿಸಿದರೆ ನಿಧಾನ ಸ್ಪೀಡಿನಲ್ಲಿ ಚೆನ್ನಾಗಿ ಎಳೆಯುತ್ತೆ, ಮೇಲೆ ಉಸಿರು ಕಟ್ಟುತ್ತೆ. ಅಪ್ಪನ ಆರ್‌ಎಕ್ಸ್‌ನಲ್ಲಿ ಕಿಟಕಿ ಒಂದೇ ಎತ್ತರ, ಅಷ್ಟರಲ್ಲೇ ಹೊಂದಿಕೊಂಡು ಹೋಗಬೇಕು.

ಪವರ್ ವಾಲ್ವ್ ಅಂದರೆ ಆ ಕಿಟಕಿಯ ಮೇಲ್ಭಾಗಕ್ಕೆ ಹಾಕಿದ ಶಟರ್. ಅಂಗಡಿ ಶಟರ್ ಅರ್ಧ ಎಳೆದಿರುತ್ತಾರಲ್ಲ, ಹಾಗೆ. ನಿಧಾನ ಇದ್ದಾಗ ಶಟರ್ ಅರ್ಧ ಇಳಿದಿರುತ್ತೆ, ಸ್ಪೀಡ್ ಬಂದಾಗ ಪೂರ್ತಿ ಮೇಲೆ. 1970ರ ದಶಕದ ಕೊನೆಯಲ್ಲಿ ಯಮಹಾದವರು ರೇಸ್ ಬೈಕುಗಳಲ್ಲಿ ಇಂಥದ್ದನ್ನು ತಂದರು, ಆಮೇಲೆ ಬೇರೆ ಬೇರೆ ಕಂಪನಿಗಳು ತಮ್ಮದೇ ರೀತಿಯಲ್ಲಿ ಮಾಡಿಕೊಂಡವು. ರೋಟ್ಯಾಕ್ಸ್‌ನದ್ದಕ್ಕೆ ರೇವ್ ಅಂತ ಹೆಸರು: ರೋಟ್ಯಾಕ್ಸ್ ಅಡ್ಜಸ್ಟಬಲ್ ವೇರಿಯಬಲ್ ಎಕ್ಸಾಸ್ಟ್. ಮಾವನ ಗಾಡಿಯಲ್ಲಿದ್ದ ಹಳೇ ರೇವ್‌ನಲ್ಲಿ ನನಗೆ ಇಷ್ಟವಾಗಿದ್ದು ಏನೆಂದರೆ ಅದರಲ್ಲಿ ಸೆನ್ಸರ್ ಇಲ್ಲ, ಮೋಟರ್ ಇಲ್ಲ, ಒಂದು ವೈರ್ ಕೂಡ ಇಲ್ಲ. ಸಿಲಿಂಡರ್‌ನಲ್ಲಿ ಒಂದು ಸಣ್ಣ ತೂತು ಇದೆ. ಹೊಗೆಯ ಒತ್ತಡ ಆ ತೂತಿನಿಂದ ಬಂದು ಒಂದು ರಬ್ಬರ್ ಬೆಲೋಸ್ ಒಳಗೆ ತುಂಬುತ್ತೆ. ಬೆಲೋಸ್ ಅಂದರೆ ಹಾರ್ಮೋನಿಯಂ ತಿದಿ ಥರ ಮಡಿಕೆ ಮಡಿಕೆ ಇರೋ ಸಣ್ಣ ಬಟ್ಟಲು. ಅದು ಹಿಗ್ಗಿ ಒಂದು ಸ್ಪ್ರಿಂಗ್ ಅನ್ನು ತಳ್ಳುತ್ತೆ, ಸ್ಪ್ರಿಂಗ್ ಸೋತಾಗ ಶಟರ್ ಮೇಲೇಳುತ್ತೆ. ಎಂಜಿನ್ ತಾನು ಬಿಟ್ಟ ಹೊಗೆಯಿಂದಲೇ ತನ್ನ ಕಿಟಕಿ ತೆರೆದುಕೊಳ್ಳುತ್ತೆ.

ಕೆಡೋದೂ ಅದೇ ಹೊಗೆಯಿಂದ. ಟು ಸ್ಟ್ರೋಕ್‌ನಲ್ಲಿ ಆಯಿಲ್ ಪೆಟ್ರೋಲ್ ಜೊತೆಗೇ ಉರಿಯುತ್ತೆ. ಪೂರ್ತಿ ಉರಿಯದ ಆಯಿಲ್ ಶಟರ್ ಮೇಲೆ ಅಂಟಿಕೊಂಡು ಕೊನೆಗೆ ಗಟ್ಟಿ ಕಾರ್ಬನ್ ಆಗುತ್ತೆ. ಶಟರ್ ಸಿಕ್ಕಿಹಾಕಿಕೊಂಡರೆ ಗಾಡಿ ಅರ್ಧ ಪವರ್‌ನಲ್ಲೇ ನರಳುತ್ತೆ. ಬೆಲೋಸ್ ಹರಿದರೂ ಅಷ್ಟೇ, ಒತ್ತಡ ಸೋರಿಹೋಗಿ ಶಟರ್ ಏಳೋದೇ ಇಲ್ಲ.

ಬಿಚ್ಚೋದು ನಾನು ಅಂದುಕೊಂಡಷ್ಟು ಕಷ್ಟ ಇರಲಿಲ್ಲ. ಪ್ರತಿ ಸಿಲಿಂಡರ್‌ಗೆ ಒಂದೊಂದು ವಾಲ್ವ್. ಮೇಲೆ ಒಂದು ಕಪ್ಪು ಮುಚ್ಚಳ, ನಡುವೆ ಕೆಂಪು ಗುಬಟು. ಮುಚ್ಚಳವನ್ನು ಒಂದು ತಂತಿ ಕ್ಲಿಪ್ ಹಿಡಿದಿರುತ್ತೆ. "ಕೈ ಒತ್ತಿಟ್ಟುಕೊಂಡು ಕ್ಲಿಪ್ ತೆಗಿ, ಒಳಗೆ ಸ್ಪ್ರಿಂಗ್ ಇದೆ, ಹಾರಿ ಹಲ್ಲಿಗೆ ಬೀಳುತ್ತೆ" ಅಂದರು ಮಾವ. ಸ್ಪ್ರಿಂಗ್ ತೆಗೆದ ಮೇಲೆ ಒಳಗೆ ಒಂದು ಪ್ಲಾಸ್ಟಿಕ್ ಬಿಲ್ಲೆ, ಅದನ್ನು ತಿರುಗಿಸಿ ಬಿಚ್ಚಬೇಕು. ಅದರ ಕೆಳಗೆ ಬೆಲೋಸ್. ಮೇಲೊಂದು ಕೆಳಗೊಂದು ಸಣ್ಣ ಕ್ಲಿಪ್ ಅದನ್ನು ಹಿಡಿದಿರುತ್ತೆ. ಕೊನೆಗೆ ಎರಡು ಬೋಲ್ಟ್ ತೆಗೆದು ಎಳೆದರೆ ಶಟರ್ ಈಚೆ ಬರಬೇಕು.

ಬರಲಿಲ್ಲ. ಎಡಗಡೆಯದ್ದು ಹೇಗೋ ಬಂತು. ಬಲಗಡೆಯದ್ದು ಸಿಮೆಂಟ್ ಹಾಕಿದ ಹಾಗೆ ಕೂತಿತ್ತು. ಸ್ಪ್ರೇ ಹೊಡೆದು, ಅರ್ಧ ಗಂಟೆ ಬಿಟ್ಟು, ಅಲ್ಲಾಡಿಸಿ ಅಲ್ಲಾಡಿಸಿ ಎಳೆದಾಗ ಕರ್ರ್ ಅಂತ ಸದ್ದು ಮಾಡಿಕೊಂಡು ಬಂತು. ಗಿಲೋಟಿನ್ ಅಂತ ಕರೀತಾರೆ ಆ ಪಟ್ಟಿಯನ್ನು. ಬೆರಳುದ್ದದ ಲೋಹದ ಪಟ್ಟಿ, ಮೇಲೆ ಹೋಳಿಗೆ ಹಂಚಿನ ತಳದ ಥರ ಕಪ್ಪು ಪದರ. ಬಲಗಡೆಯ ಬೆಲೋಸ್‌ನ ಮಡಿಕೆಯಲ್ಲಿ ಒಂದು ಸೀಳೂ ಇತ್ತು. ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿ, "ಸಿಕ್ಕಿದ ನೋಡು ಕಳ್ಳ" ಅಂದರು.

ಅವತ್ತು ಸಂಜೆ ಮಾವ ಹೇಳಿಕೊಟ್ಟ ಎರಡು ವಿಷಯ ನನಗೆ ಚೆನ್ನಾಗಿ ನೆನಪಿದೆ. ಒಂದು, ಸಿಲಿಂಡರ್‌ನ ಸಂದಿಯಲ್ಲಿ ಕೆರೆಯುವ ಮುಂಚೆ ಪಿಸ್ಟನ್ ಅನ್ನು ಮೇಲಕ್ಕೆ ತಂದು ಕಿಟಕಿ ಮುಚ್ಚಬೇಕು, ಇಲ್ಲದಿದ್ದರೆ ಕಾರ್ಬನ್ ಪುಡಿ ಎಂಜಿನ್ ಒಳಗೆ ಬೀಳುತ್ತೆ. ಎರಡು, ಆ ಸಣ್ಣ ತೂತು. ಎಲ್ಲ ಫಳಫಳ ತೊಳೆದು ಆ ತೂತು ಮರೆತರೆ ಏನೂ ಪ್ರಯೋಜನ ಇಲ್ಲ. ತೆಳು ತಂತಿ ಹಾಕಿ ನಾನೇ ಬಿಡಿಸಿದೆ. ಆ ತೂತಿನಿಂದ ಬಂದ ಮಸಿ ನನ್ನ ಉಗುರಿನಲ್ಲಿ ಒಂದು ವಾರ ಇತ್ತು.

ಇನ್ನೊಂದು ವಿಷಯವನ್ನೂ ಮಾವ ಹೇಳಿದ್ದರು. ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. "ಲೋಹದ್ದೆಲ್ಲ ಕ್ಲೀನರ್‌ನಲ್ಲಿ ನೆನೆಹಾಕು. ರಬ್ಬರ್‌ದು ಬರೀ ಸೋಪು ನೀರು." ಇಷ್ಟು ಹೇಳಿ ಅವರು ಊಟಕ್ಕೆ ಒಳಗೆ ಹೋದರು. ನಾನು ಫ್ರೆಂಡ್ಸ್‌ಗೆ ವಿಡಿಯೋ ಕಾಲ್‌ನಲ್ಲಿ ಎಂಜಿನ್ ತೋರಿಸುತ್ತಾ ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿ, ಕ್ಲೀನರ್ ಸುರಿದು, ಮಲಗೋಕೆ ಹೋದೆ.

ಬೆಳಗ್ಗೆ ನೋಡಿದರೆ ಚೆನ್ನಾಗಿದ್ದ ಎಡಗಡೆಯ ಬೆಲೋಸ್ ನೆನೆಸಿದ ಕಡಲೆಕಾಳಿನ ಹಾಗೆ ಊದಿಕೊಂಡಿತ್ತು. ಮುಟ್ಟಿದರೆ ಮೆತ್ತಗೆ. ಒರೆಸಿದೆ, ಬಿಸಿಲಿಗೆ ಇಟ್ಟೆ, ಉಪಯೋಗ ಆಗಲಿಲ್ಲ. ಮಾವ ಆಫೀಸಿಗೆ ಹೋಗಿದ್ದರು. ಸಂಜೆ ಬಂದು "ಹೆಂಗಿದೆ?" ಅಂತ ಕೇಳಿದಾಗ ನನ್ನ ಬಾಯಿಂದ ಬಂದಿದ್ದು, "ಮಾವ, ಎರಡೂ ಹಾಳಾಗಿತ್ತು." ಮಾವ ಒಂದು ಕ್ಷಣ ನನ್ನ ಮುಖ ನೋಡಿ, "ಸರಿ, ಎರಡು ಆರ್ಡರ್ ಮಾಡೋಣ" ಅಂದರು. ಅಷ್ಟೇ. ನನಗೆ ಗೆದ್ದ ಹಾಗನ್ನಿಸಿತು, ಸುಳ್ಳು ಹೇಳ್ತಾ ಇಲ್ಲ.

ಹೊಸ ಬೆಲೋಸ್ ಬಂದಿದ್ದು ನಾನು ವಾಪಸ್ ಹೊರಡೋ ಹಿಂದಿನ ದಿನ. ಮಾವನಿಗೆ ಅವತ್ತು ಲೇಟ್ ಮೀಟಿಂಗು. "ನೀನೇ ಹಾಕಿಬಿಡು, ಬಿಚ್ಚಿದ್ದು ನೀನೇ ಅಲ್ವಾ" ಅಂತ ಫೋನ್ ಮಾಡಿದರು. ಒಂದು ಕಡೆ ಸೂಟ್‌ಕೇಸ್ ಪ್ಯಾಕಿಂಗ್, ಇನ್ನೊಂದು ಕಡೆ ಅತ್ತೆ ಅಮ್ಮನಿಗೆ ಕೊಡಬೇಕಾದ ಚಾಕೊಲೇಟು, ವಿಟಮಿನ್ ಡಬ್ಬಿ ತಂದು ತಂದು ಇಡುತ್ತಿದ್ದಾರೆ. ನಾನು ಗ್ಯಾರೇಜಿಗೆ ಹೋಗಿ ಮುಕ್ಕಾಲು ಗಂಟೆಯಲ್ಲಿ ಎರಡೂ ವಾಲ್ವ್ ಕೂರಿಸಿ, ಬೋಲ್ಟ್ ಬಿಗಿದು, ಮುಚ್ಚಳ ಹಾಕಿ ಬಂದೆ. ಕೈಯಲ್ಲಿ ತಳ್ಳಿದಾಗ ಶಟರ್ ಬೆಣ್ಣೆಯ ಹಾಗೆ ಜಾರುತ್ತಿತ್ತು. ಗಾಡಿ ಸ್ಟಾರ್ಟ್ ಮಾಡಲಿಲ್ಲ, ಬೇಸಿಗೆಗೆ ಅಂತ ಕಾರ್ಬುರೇಟರ್ ಖಾಲಿ ಮಾಡಿ ಇಟ್ಟಿದ್ದರು. ಹೇಗಿದ್ದರೂ ಇಂಥ ಗಾಡಿಗೆ ತಣ್ಣಗಿರೋಕೆ ಹಿಮವೇ ಬೇಕು, ಬರೀ ನೆಲದ ಮೇಲೆ ಜಾಸ್ತಿ ಹೊತ್ತು ಓಡಿಸೋ ಹಾಗಿಲ್ಲ. ನಿಜವಾದ ಟೆಸ್ಟ್ ಡಿಸೆಂಬರ್‌ನಲ್ಲಿ.

ಮಾರನೇ ದಿನ ಏರ್‌ಪೋರ್ಟಿಗೆ ಬಿಡೋ ಮುಂಚೆ ಮಾವ ಗ್ಯಾರೇಜಿನಲ್ಲಿ ನನ್ನ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದರು: "ನಮ್ಮ ಅಳಿಯ. ಕಾಲೇಜಿಗೆ ಸೇರೋ ಮುಂಚೆಯೇ ಎಂಜಿನಿಯರ್." ಅಜ್ಜಿ ಕೂಡ ಕೈಮುಗಿಯೋ ಎಮೋಜಿ ಹಾಕಿದ್ದರು.

ಹಾಸ್ಟೆಲ್‌ನಲ್ಲಿ ನಾನು ಹೇಳಿಕೊಂಡು ತಿರುಗಿದ್ದು ಇಲ್ಲಿವರೆಗೆ ಮಾತ್ರ. ಬೆಲೋಸ್ ಊದಿದ್ದನ್ನು ಬಿಟ್ಟು.

ಫಸ್ಟ್ ಸೆಮ್, ಅಕ್ಟೋಬರ್. ಎಲಿಮೆಂಟ್ಸ್ ಆಫ್ ಮೆಕ್ಯಾನಿಕಲ್ ಕ್ಲಾಸಿನಲ್ಲಿ ಮೇಡಂ ಬೋರ್ಡ್ ಮೇಲೆ ಟು ಸ್ಟ್ರೋಕ್ ಎಂಜಿನ್ ಬಿಡಿಸುತ್ತಿದ್ದರು. ನಾನು ಎರಡನೇ ಬೆಂಚಿನಲ್ಲಿ, ಇದೆಲ್ಲ ನನಗೆ ಗೊತ್ತು ಅನ್ನೋ ಮುಖ ಮಾಡಿಕೊಂಡು ಕೂತಿದ್ದೆ. ಮೇಡಂ ಹೊಗೆ ಹೋಗೋ ದಾರಿಯನ್ನು ಸಿಲಿಂಡರ್‌ಗೆ ನೇರವಾಗಿ ಬಿಡಿಸದೆ ಸ್ವಲ್ಪ ಓರೆಯಾಗಿ ಬಿಡಿಸಿದರು. ನಾನು ನೋಟ್ಸ್‌ನಲ್ಲಿ ಅದೇ ಗೆರೆ ಎಳೆದೆ. ಸುಮ್ಮನೆ, ಅದರ ಮೇಲೆ ಒಂದು ಶಟರ್ ಕೂಡ ಬಿಡಿಸೋಣ ಅಂತ ಹೊರಟೆ. ಶಟರ್ ಓರೆಯಾಗಿ ಜಾರಿ ಬರುತ್ತೆ ಅಂದರೆ ಅದರ ತುದಿ ಗೋಡೆಯ ಜೊತೆ ಸಮ ಇರಬೇಕಾದರೆ ತುದಿಯನ್ನೂ ಓರೆಯಾಗಿ ಕತ್ತರಿಸಿರಬೇಕು. ಹೌದು, ಆ ಪಟ್ಟಿಯ ತುದಿ ಓರೆಯಾಗಿತ್ತು, ತೊಳೆಯುವಾಗ ಬೆರಳಿಗೆ ಒತ್ತಿದ್ದು ನೆನಪಾಯಿತು.

ಅಂದರೆ ಅದಕ್ಕೆ ಮೇಲೆ ಕೆಳಗೆ ಅಂತ ಇದೆ. ಹಿಂದೆಮುಂದೆ ತಿರುವಿ ಹಾಕಿದರೂ ಸಂದಿಯೊಳಗೆ ಹೋಗುತ್ತೆ, ಬೆಣ್ಣೆಯ ಹಾಗೆ ಜಾರುತ್ತೆ. ಆದರೆ ಚೂಪು ಅಂಚು ಸಿಲಿಂಡರ್ ಒಳಗೆ ಚಾಚಿಕೊಳ್ಳುತ್ತೆ. ಅಲ್ಲಿ ಪಿಸ್ಟನ್ ನಿಮಿಷಕ್ಕೆ ಸಾವಿರಾರು ಸಲ ಓಡಾಡುತ್ತಾ ಇರುತ್ತೆ.

ನಾನು ಯಾವ ಕಡೆ ಮಾಡಿ ಹಾಕಿದೆ? ನೆನಪಿಲ್ಲ.

ಕ್ಲಾಸ್ ಮುಗಿಯೋವರೆಗೂ ಮೇಡಂ ಏನು ಹೇಳಿದರು ಅಂತ ನನಗೆ ಗೊತ್ತಿಲ್ಲ. ರೂಮಿಗೆ ಬಂದು ಫೋನ್ ಗ್ಯಾಲರಿ ತೆಗೆದೆ. ಆ ಟ್ರಿಪ್‌ನ ಸಾವಿರಕ್ಕೂ ಹೆಚ್ಚು ಫೋಟೋ ಇದ್ದವು. ಲಿಫ್ಟ್ ಬ್ರಿಡ್ಜು, ಸರೋವರ, 32 ಅಡಿ ಬೋರ್ಡು, ಮಸಿ ಹಚ್ಚಿಕೊಂಡ ನನ್ನ ಸೆಲ್ಫಿ. ವಾಲ್ವ್ ಯಾವ ಮುಖ ಮೇಲೆ ಮಾಡಿಕೊಂಡು ಕೂತಿತ್ತು ಅಂತ ತೋರಿಸೋ ಒಂದೇ ಒಂದು ಫೋಟೋ ಇರಲಿಲ್ಲ.

ಮೊದಲು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಫಿಫ್ಟಿ ಫಿಫ್ಟಿ ಚಾನ್ಸ್. ಆಮೇಲೆ ಲೆಕ್ಕ ಹಾಕಿದೆ: ಎರಡು ವಾಲ್ವ್, ಎರಡೂ ಸರಿ ಇರೋ ಚಾನ್ಸ್ ನಾಲ್ಕರಲ್ಲಿ ಒಂದು. ಪ್ರಾಬಬಿಲಿಟಿ ಓದಿದ್ದು ಅವತ್ತೊಂದು ದಿನ ಬೇಡವಾಗಿತ್ತು.

ಹೋದರೆ ಒಂದು ಎಂಜಿನ್ ತಾನೆ ಅನ್ನಬಹುದು. ಆದರೆ ಮಾವ ಸಂಜೆ ಹೊತ್ತು ಒಬ್ಬರೇ ಕಾಡಿನ ಟ್ರೇಲ್‌ಗೆ ಹೋಗೋ ಅಭ್ಯಾಸ ಇರೋರು. ಕೆಲವು ಕಡೆ ಫೋನ್ ಸಿಗ್ನಲ್ ಸಿಗಲ್ಲ ಅಂತ ಅವರೇ ಹೇಳಿದ್ದರು. ಮೈನಸ್ ಇಪ್ಪತ್ತರಲ್ಲಿ, ಸೊಂಟದವರೆಗಿನ ಹಿಮದಲ್ಲಿ, ಊರಿಂದ ಇಪ್ಪತ್ತು ಕಿಲೋಮೀಟರ್ ಆಚೆ ಎಂಜಿನ್ ಹಿಡಿದುಕೊಂಡರೆ? ಮಿಶಿಗನ್‌ನಲ್ಲಿ ಡಿಸೆಂಬರ್ 1ಕ್ಕೆ ಟ್ರೇಲ್ ಓಪನ್. ನನ್ನ ಹತ್ತಿರ ಒಂದೂವರೆ ತಿಂಗಳು ಇತ್ತು.

ಫೋನ್ ಮಾಡೋಕೆ ನನಗೆ ಒಂಬತ್ತು ದಿನ ಬೇಕಾಯಿತು. ಕಾರಣ ನಾಚಿಕೆ, ಬೇರೇನೂ ಇಲ್ಲ. ಇಂಟರ್ನಲ್ಸ್ ಇದೆ, ಟೈಮ್ ಡಿಫರೆನ್ಸ್ ಇದೆ ಅಂತೆಲ್ಲ ಅಂದುಕೊಂಡೆ. ಗ್ರೂಪಿನಲ್ಲಿ ಅಜ್ಜಿಯ ಎಮೋಜಿ ಕಣ್ಣ ಮುಂದೆ ಬರುತ್ತಿತ್ತು. ಐದನೇ ದಿನ ಬುದ್ಧಿವಂತಿಕೆ ಮಾಡಿದೆ. ಒಂದು ಮೆಸೇಜ್ ಹಾಕಿದೆ: "ಮಾವ, ಸೀಸನ್‌ಗೆ ಮುಂಚೆ ಪವರ್ ವಾಲ್ವ್ ಒಂದ್ಸಲ ತೆಗೆದು ಚೆಕ್ ಮಾಡೋದು ಒಳ್ಳೇದಂತೆ." ಅವರೇ ತೆಗೆದು ನೋಡಿಬಿಟ್ಟರೆ ನನ್ನ ಮರ್ಯಾದೆಯೂ ಉಳಿಯಿತು, ಎಂಜಿನ್ನೂ ಉಳಿಯಿತು.

ಹತ್ತು ನಿಮಿಷದಲ್ಲಿ ರಿಪ್ಲೈ: "ನೀನೇ ಮಾಡಿದ್ದೀಯಲ್ಲೋ, ಇನ್ನೇನು ಚೆಕ್ಕು!" ಜೊತೆಗೆ ಒಂದು ಥಂಬ್ಸ್ ಅಪ್.

ಆ ರಿಪ್ಲೈ ಓದಿದಾಗ ಆದ ಹಾಗೆ ನನಗೆ ಫೇಲ್ ಆದಾಗಲೂ ಆಗಿಲ್ಲ. ಅವರು ನನ್ನ ಕೆಲಸದ ಮೇಲೆ ಭರವಸೆ ಇಟ್ಟು ಚೆಕ್ ಮಾಡದೇ ಗಾಡಿ ಹತ್ತುತ್ತಾರೆ. ಸುತ್ತಿ ಬಳಸಿ ಹೇಳೋ ದಾರಿ ಮುಚ್ಚಿಹೋಯಿತು. ಆದರೂ ಇನ್ನೂ ನಾಲ್ಕು ದಿನ ಸುಮ್ಮನಿದ್ದೆ.

ಒಂದು ಬೆಳಗ್ಗೆ ಏಳು ಗಂಟೆಗೆ, ಅಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆ, ಹಾಸ್ಟೆಲ್ ಟೆರೇಸಿಗೆ ಹೋಗಿ ಕಾಲ್ ಮಾಡಿದೆ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಪಟ್ಟಿಯ ತುದಿ ಓರೆ ಇದ್ದಿದ್ದು, ಯಾವ ಕಡೆ ಹಾಕಿದೆ ಅಂತ ನೆನಪಿಲ್ಲದ್ದು, ಫೋಟೋ ಇಲ್ಲದ್ದು. ಬಾಯಿ ತೆರೆದಿದ್ದೇ ಆಯಿತು ಅಂತ ಬೆಲೋಸ್ ವಿಷಯವನ್ನೂ ಹೇಳಿದೆ. "ಮಾವ, ಹರಿದಿದ್ದು ಒಂದೇ. ಇನ್ನೊಂದು ನಾನು ಕ್ಲೀನರ್‌ಗೆ ಹಾಕಿ ಹಾಳು ಮಾಡಿದ್ದು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಬೆಲೋಸ್ ವಿಷಯ ಗೊತ್ತಿತ್ತು ಕಣೋ" ಅಂದರು. "ಹರಿದ ರಬ್ಬರಿಗೂ ಊದಿಕೊಂಡ ರಬ್ಬರಿಗೂ ವ್ಯತ್ಯಾಸ ಗೊತ್ತಾಗಲ್ವಾ ನನಗೆ? ಡಬ್ಬಿ ನೋಡಿದ್ದೆ."

"ಮತ್ತೆ ಯಾಕೆ ಕೇಳಲಿಲ್ಲ?"

"ನೀನೇ ಹೇಳ್ತೀಯ ಅಂದುಕೊಂಡೆ. ನಾಲ್ಕು ತಿಂಗಳು ತಗೊಂಡೆ." ಆಮೇಲೆ ದನಿ ಬದಲಾಯಿತು. "ವಾಲ್ವ್ ವಿಷಯ ಮಾತ್ರ ಈಗ ಹೇಳಿದ್ದು ಒಳ್ಳೇದಾಯ್ತು. ಅದು ನನಗೆ ಗೊತ್ತಿರಲಿಲ್ಲ. ನಾನೂ ತಪ್ಪು ಮಾಡಿದೆ, ಒಂದ್ಸಲ ನೋಡಬೇಕಿತ್ತು. ಭಾನುವಾರ ಬಿಚ್ಚುತ್ತೀನಿ. ನೀನೂ ವಿಡಿಯೋದಲ್ಲಿ ಇರು."

ಭಾನುವಾರ ಅವರು ಫೋನ್ ಅನ್ನು ಗ್ಯಾರೇಜಿನ ಶೆಲ್ಫಿಗೆ ಒರಗಿಸಿಟ್ಟರು. ಎಡಗಡೆಯ ಕ್ಲಿಪ್ಪು, ಮುಚ್ಚಳ, ಸ್ಪ್ರಿಂಗು. ಎರಡು ಬೋಲ್ಟ್. ಎಳೆಯೋ ಮುಂಚೆ ಮಾರ್ಕರ್‌ನಲ್ಲಿ ಮೇಲ್ಭಾಗಕ್ಕೆ ಒಂದು ಗೆರೆ ಹಾಕಿಕೊಂಡರು. ಅದನ್ನು ನೋಡಿ ನನಗೆ ಅಳು ಬರೋದೊಂದು ಬಾಕಿ. ಎರಡು ಸೆಕೆಂಡಿನ ಕೆಲಸ.

ಎಡಗಡೆಯದ್ದು ಸರಿಯಾಗಿತ್ತು. ಬಲಗಡೆಯದ್ದೂ ಸರಿಯಾಗಿತ್ತು.

ನನ್ನ ಒಂಬತ್ತು ದಿನದ ನಿದ್ದೆ ಸುಮ್ಮನೆ ಹೋಯಿತಲ್ಲ ಅಂತ ನಗೋಕೆ ಶುರು ಮಾಡಿದೆ. ಮಾವ ನಗಲಿಲ್ಲ. ಬಲಗಡೆಯ ಬೆಲೋಸ್ ಅನ್ನು ಕ್ಯಾಮೆರಾ ಹತ್ತಿರ ತಂದು, "ಇಲ್ಲಿ ನೋಡು" ಅಂದರು. ಕೆಳಗಿನ ಸಣ್ಣ ಕ್ಲಿಪ್ ತನ್ನ ಗಾಡಿಯಲ್ಲಿ, ಅಂದರೆ ಆ ಕೊರೆದ ಸಾಲಿನಲ್ಲಿ ಕೂತಿರಲಿಲ್ಲ. ಅರ್ಧ ಒಳಗೆ, ಅರ್ಧ ರಬ್ಬರಿನ ಮೇಲೆ. ಎರಡು ಮೂರು ರೈಡ್ ಆದ ಮೇಲೆ ಅದು ಜಾರುತ್ತಿತ್ತು, ಒತ್ತಡ ಸೋರುತ್ತಿತ್ತು, ಗಾಡಿ ಮತ್ತೆ ಆರೂವರೆ ಸಾವಿರಕ್ಕೇ ನಿಲ್ಲುತ್ತಿತ್ತು. ಎಂಜಿನ್ ಒಡೆಯೋ ಅಂಥ ತಪ್ಪಲ್ಲ. ಆದರೆ ನಾವು ಯಾವ ಕಾಯಿಲೆಗೆ ಇಷ್ಟೆಲ್ಲ ಮಾಡಿದೆವೋ ಅದೇ ಕಾಯಿಲೆಯನ್ನು ನಾನು ವಾಪಸ್ ಕೂರಿಸಿ ಬಂದಿದ್ದೆ.

ನಾನು ಹೆದರಿದ ಕಡೆ ತಪ್ಪಿರಲಿಲ್ಲ. ತಪ್ಪಿದ್ದ ಕಡೆ ನನಗೆ ಒಂದು ಚೂರೂ ಅನುಮಾನ ಬಂದಿರಲಿಲ್ಲ. ಆ ಕ್ಲಿಪ್ ಸರಿಯಾಗಿ ಹಾಕಿದ್ದೇನೆ ಅಂತ ಕೇಳಿದ್ದರೆ ಆಣೆ ಮಾಡಿ ಹೇಳುತ್ತಿದ್ದೆ. ಇದು ನನಗೆ ಈಗಲೂ ಸ್ವಲ್ಪ ಭಯ ಹುಟ್ಟಿಸುತ್ತೆ.

ಮಾವ ಕ್ಲಿಪ್ ಸರಿಯಾಗಿ ಕೂರಿಸಿದರು. ಆಮೇಲೆ ಸ್ಪಾರ್ಕ್ ಪ್ಲಗ್ ತೆಗೆದು, ಸ್ಟಾರ್ಟರ್ ಹಗ್ಗ ನಿಧಾನಕ್ಕೆ ಎಳೆದು ಎಂಜಿನ್ ಅನ್ನು ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿದರು. ಎಲ್ಲೂ ತಾಗಲಿಲ್ಲ. "ನೀನು ಅವತ್ತು ಇದೊಂದು ಮಾಡಿದ್ದರೆ ಅರ್ಧ ಅನುಮಾನ ಅಲ್ಲೇ ಹೋಗ್ತಿತ್ತು" ಅಂದರು. ಬೈದಿದ್ದು ಅಷ್ಟೇ. ಗ್ರೂಪಿಗೆ ಏನೂ ಹಾಕಲಿಲ್ಲ.

ಡಿಸೆಂಬರ್ ಕೊನೆಯಲ್ಲಿ ಅತ್ತೆ ಒಂದು ವಿಡಿಯೋ ಕಳಿಸಿದರು. ನಾನು ಆಗ ರಜೆಗೆ ತಿಪಟೂರಿನಲ್ಲಿದ್ದೆ. ಎಲ್ಲ ಬಿಳಿ. ನಾನು ಜೂನ್‌ನಲ್ಲಿ ಕೂತು ಸೊಳ್ಳೆ ಹೊಡೆಯುತ್ತಿದ್ದ ಬೆಂಚು ಕಾಣಿಸುತ್ತಲೇ ಇರಲಿಲ್ಲ, ಅಲ್ಲೊಂದು ದಿಬ್ಬ. ದೂರದಿಂದ ಮಾವ ಗಾಡಿ ಓಡಿಸಿಕೊಂಡು ಬರುತ್ತಾರೆ. ಮೊದಲು ಗುರ್ ಅನ್ನೋ ದಪ್ಪ ಸದ್ದು. ಆಮೇಲೆ ಒಂದು ಜಾಗದಲ್ಲಿ ಸದ್ದು ತಟ್ಟನೆ ಬದಲಾಗುತ್ತೆ, ತೆಳ್ಳಗಾಗಿ ಮೇಲಕ್ಕೆ ಎಳೆಯುತ್ತೆ. ಶಟರ್ ಎದ್ದ ಜಾಗ. ವಿಡಿಯೋ ಕೆಳಗೆ ಮಾವನ ಮೆಸೇಜ್: "7,900."

ಅಪ್ಪನಿಗೆ ತೋರಿಸಿದೆ. ಅವರು ವಿಡಿಯೋ ನೋಡಲಿಲ್ಲ, ಫೋನ್ ಕಿವಿಗೆ ಇಟ್ಟುಕೊಂಡರು. ಮೂರು ಸಲ ಕೇಳಿ, "ನಮ್ಮ ಆರ್‌ಎಕ್ಸ್ ಥರಾನೇ ಇದೆ ಅಲ್ವಾ" ಅಂದರು. ಇಲ್ಲ ಅಪ್ಪ, ಅದರಲ್ಲಿ ಪವರ್ ವಾಲ್ವ್ ಇಲ್ಲ ಅಂತ ಹೇಳೋಕೆ ಹೊರಟವನು ಸುಮ್ಮನಾದೆ.

ಇನ್ನೊಂದು ವಿಷಯ ನಮ್ಮ ಬಾಹಾ ಟೀಮಿನವರಿಗೆ. ಎಸ್‌ಎಇಯವರು ಕಾಲೇಜು ಹುಡುಗರಿಗೆ ಅಂತ ಕ್ಲೀನ್ ಸ್ನೋಮೊಬೈಲ್ ಚಾಲೆಂಜ್ ಅನ್ನೋ ಸ್ಪರ್ಧೆಯನ್ನು 2000ದಲ್ಲಿ ಶುರು ಮಾಡಿದರು. ಯೆಲ್ಲೋಸ್ಟೋನ್ ಪಾರ್ಕಿನಲ್ಲಿ ಟು ಸ್ಟ್ರೋಕ್ ಸ್ನೋಮೊಬೈಲ್‌ಗಳ ಹೊಗೆ, ಗಲಾಟೆ ದೊಡ್ಡ ಜಗಳವಾಗಿದ್ದ ಕಾಲ ಅದು. ಹೊಗೆಯೂ ಸದ್ದೂ ಕಡಿಮೆ ಮಾಡಿ ತೋರಿಸಿ ಅನ್ನೋದು ಸವಾಲು. ಆಮೇಲೆ ಎಷ್ಟೋ ವರ್ಷ ಅದು ನಡೆದಿದ್ದು ಮಾವನ ಊರಿನ ಮಿಶಿಗನ್ ಟೆಕ್‌ನಲ್ಲೇ. ಮಾವ ಅದರ ಟೆಸ್ಟ್ ಟ್ರ್ಯಾಕ್ ಹತ್ತಿರ ನನ್ನನ್ನು ಕರೆದುಕೊಂಡು ಹೋಗಿದ್ದರು. ನಾನು ಎಂಜಿನ್ ಪ್ರೇಮಿಯಾದರೂ ಒಪ್ಪಿಕೊಳ್ಳಬೇಕು, ಆ ಗಿಲೋಟಿನ್ ಮೇಲಿದ್ದ ಮಸಿಯನ್ನು ಕೆರೆದವನಿಗೆ ಟು ಸ್ಟ್ರೋಕ್ ಯಾಕೆ ಹೋಯಿತು ಅಂತ ಯಾರೂ ಪಾಠ ಮಾಡಬೇಕಾಗಿಲ್ಲ.

ಈಗ ನಾನು ಸೆಕೆಂಡ್ ಇಯರ್. ವರ್ಕ್‌ಶಾಪಿನಲ್ಲಿ ಏನೇ ಬಿಚ್ಚಿದರೂ ಮೊದಲು ಮಾರ್ಕರ್ ಗೆರೆ, ಆಮೇಲೆ ಫೋಟೋ, ಆಮೇಲೆ ಸ್ಪ್ಯಾನರ್. ಫ್ರೆಂಡ್ಸ್ ಆಡಿಕೊಳ್ಳುತ್ತಾರೆ. ಹೋದ ತಿಂಗಳು ಲ್ಯಾಬಿನಲ್ಲಿ ಒಂದು ಗೇಜ್ ನನ್ನ ಕೈಯಿಂದ ಬಿದ್ದಾಗ ಇನ್‌ಸ್ಟ್ರಕ್ಟರ್ ಹತ್ತಿರ ಹೋಗಿ ಹೇಳೋಕೆ ಎಷ್ಟು ಹೊತ್ತು ತಗೊಂಡೆ ಅಂತ ನಾನೇ ಲೆಕ್ಕ ಇಟ್ಟುಕೊಂಡೆ. ಸುಮಾರು ಇಪ್ಪತ್ತು ನಿಮಿಷ. ನಾಲ್ಕು ತಿಂಗಳಿಗೆ ಹೋಲಿಸಿದರೆ ಇಂಪ್ರೂವ್‌ಮೆಂಟ್ ಇದೆ. ಇನ್ನೂ ಕಡಿಮೆ ಆಗಬೇಕು.

ಹಿಮ ಮಾತ್ರ ಇನ್ನೂ ನೋಡಿಲ್ಲ. ಮಾವ "ಈ ಸಲ ಚಳಿಗಾಲದಲ್ಲೇ ಬಾ, ಓಡಿಸುವಿಯಂತೆ" ಅಂದಿದ್ದಾರೆ. "ಆದರೆ ಹತ್ತೋ ಮುಂಚೆ ವಾಲ್ವ್ ನೀನೇ ಬಿಚ್ಚಿ ನೋಡಬೇಕು" ಅಂತಲೂ ಹೇಳಿದ್ದಾರೆ.